ಬದಲಿ ತಾಯಿಗೂ ಹೊಟ್ಟೆಯುಂಟು

ಉತ್ತಮ ತಳಿಯ ಹಸುವಿನ ಭ್ರೂಣವನ್ನು ಸಾಧಾರಣ ಹಸುವಿನ ಗರ್ಭದಲ್ಲಿಟ್ಟು ಬೆಳೆಸುವ ವಿದ್ಯೆ ಹೊಸದೇನಲ್ಲ. ಇಂಥ ಮೊದಲ ಕರು 1951ರಲ್ಲಿಯೇ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿತು. ನಮ್ಮಲ್ಲಿ 2014ರಲ್ಲಿ ಆರಂಭವಾದ ರಾಷ್ಟ್ರೀಯ ಗೋಕುಲ ಮಿಷನ್ ಇದಕ್ಕೆ ಸರಕಾರದ ಹಣವನ್ನು ಒದಗಿಸಿದೆ. ವಿಜ್ಞಾನವು ಬಡವನ ಕೊಟ್ಟಿಗೆಗೆ ಬರುವುದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಆ ಕೊಟ್ಟಿಗೆಯ ಸ್ಥಿತಿಯನ್ನು ಕಂಡವರೆಷ್ಟು ಮಂದಿ?

ಎಲ್ಲ ಅನುಕೂಲವಿದ್ದರೂ 100 ವರ್ಗಾವಣೆಗಳಲ್ಲಿ ಗರ್ಭ ಕಟ್ಟುವುದು ಸುಮಾರು 50ರಿಂದ 60. ಹೆಪ್ಪುಗಟ್ಟಿಸಿ ತಂದ ಭ್ರೂಣವಾದರೆ ಇನ್ನೂ ಕಡಿಮೆ. ಉಷ್ಣ ಸೀಮೆಯ ಕಷ್ಟ ಇದರ ಮೇಲಿನದು. ಬೇಸಿಗೆಯ ಬಿಸಿಗೆ ಹಸುವಿನ ಮೈ ಕಾದರೆ ಅಂಡಾಣು ಕೆಡುತ್ತದೆ. ಮೊದಲ ಒಂದೆರಡು ದಿನದ ಭ್ರೂಣ ಸಾಯುತ್ತದೆ. ಏಳನೆಯ ದಿನದ ಹೊತ್ತಿಗೆ ಅದು ಗಟ್ಟಿಯಾಗುವುದರಿಂದ, ಆ ದಿನ ವರ್ಗಾಯಿಸುವುದು ಬೇಸಿಗೆಯಲ್ಲಿ ಒಂದು ಉಪಾಯವೇ ಸರಿ. ನಾಟಿ ತಳಿಯ ಭ್ರೂಣವು ವಿದೇಶಿ ತಳಿಯದಕ್ಕಿಂತ ಬಿಸಿಯನ್ನು ಹೆಚ್ಚು ತಾಳುತ್ತದೆ. ಆದರೆ ನಾಟಿ ಹಸುವಿನ ಬೆದೆ ಸುಮಾರು 10 ಗಂಟೆಯದು, ಅದೂ ಅನೇಕ ವೇಳೆ ರಾತ್ರಿಯಲ್ಲಿ. ಭ್ರೂಣದ ವಯಸ್ಸಿಗೂ ಬದಲಿ ತಾಯಿಯ ಬೆದೆಯ ದಿನಕ್ಕೂ ಒಂದು ದಿನಕ್ಕಿಂತ ಹೆಚ್ಚು ಅಂತರ ಬಿದ್ದರೆ ಗರ್ಭ ನಿಲ್ಲುವುದು ಕಷ್ಟ. ರಾತ್ರಿ ಪಾಳಿ ಮಾಡುವವರಿಗೆ ಗೊತ್ತು, ದಣಿದವನು ಎಚ್ಚರವಿದ್ದು ಹಸು ಕಾಯಲಾರ.

ಎಲ್ಲಕ್ಕಿಂತ ಮುಖ್ಯವಾದದ್ದು ಮೇವು. ಪಕ್ಕೆಲುಬು ಎಣಿಸಬಹುದಾದ ಹಸುವಿಗೆ ಎಂಥ ಭ್ರೂಣವನ್ನಿಟ್ಟರೂ ಫಲ ದೊರೆಯದು. ಮಗ್ಗ ಹೊಸದಾದ ಮಾತ್ರಕ್ಕೆ ಕೊಳೆತ ನೂಲಿನಿಂದ ಬಟ್ಟೆಯಾದೀತೆ?

ಉಷ್ಣದೇಶವೆಂಬುದು ಸೋಲಿಗೆ ನೆಪವಾಗದು. ನಮ್ಮ ಗುಜರಾತಿನ ಗಿರ್ ತಳಿಯನ್ನು ಕೊಂಡೊಯ್ದ ಬ್ರೆಜಿಲ್ ಇಂದು ಪ್ರಯೋಗಾಲಯದ ಭ್ರೂಣಗಳಲ್ಲಿ ಲೋಕದ ಮುಂಚೂಣಿಯಲ್ಲಿದೆ.

ಸೋಲಿನ ಭಾರ ಯಾರ ಮೇಲೆ ಎಂಬುದೇ ಪ್ರಶ್ನೆ. ಗರ್ಭ ನಿಲ್ಲದಿದ್ದರೆ ಹಸು ಮತ್ತೆ ಬೆದೆಗೆ ಬರಲು 21 ದಿನ. ಅದು ತಪ್ಪಿದರೆ ಇನ್ನೊಂದು 21 ದಿನ. ಅಷ್ಟು ಕಾಲ ಹಾಲಿಲ್ಲದ ಹಸುವಿಗೆ ಮೇವು ಹಾಕುವವನು ಒಂದೆರಡು ಹಸು ಸಾಕಿ ಬದುಕುವವನೇ. ತಜ್ಞನ ಸಂಬಳ ನಿಲ್ಲುವುದಿಲ್ಲ, ಔಷಧ ಕಂಪನಿಯ ಬಿಲ್ಲೂ ನಿಲ್ಲುವುದಿಲ್ಲ.

ಆದ್ದರಿಂದ ನಾವು ಕೇಳುವುದಿಷ್ಟೆ. ಚುಚ್ಚುಮದ್ದಿಗೆ ಮೊದಲು ನೆರಳು, ನೀರು, ಹಸಿಮೇವು, ಖನಿಜ ಮಿಶ್ರಣ ಕೊಡಿ. ಕಡು ಬೇಸಿಗೆಯಲ್ಲಿ ದಾನಿ ಹಸುವನ್ನು ಹಿಂಡಬೇಡಿ. ಎಷ್ಟು ಭ್ರೂಣ ಇಟ್ಟಿರಿ, ಎಷ್ಟು ಕರು ಹುಟ್ಟಿದವು ಎಂಬ ಲೆಕ್ಕವನ್ನು ತಾಲ್ಲೂಕುವಾರು, ತಿಂಗಳುವಾರು ಹಾಲಿನ ಸಂಘದ ಗೋಡೆಗೆ ಅಂಟಿಸಿ. ವರ್ಗಾವಣೆ ವಿಫಲವಾದರೆ ಮೇವಿನ ಖರ್ಚನ್ನು ಯೋಜನೆಯೇ ಹೊರಲಿ. ಸಾರ್ವಜನಿಕರ ಹಣ ತಳಿಗೆಂದು ಖರ್ಚಾಗುವಾಗ ಅದರಲ್ಲಿ ಒಂದು ಪಾಲು ಹಸುವಿನ ಹೊಟ್ಟೆಗೂ ಸೇರಬೇಕು.