ಪಿಕಪ್ ಕೊಳ್ಳುವ ಮುನ್ನ ಭತ್ತದ ಲೆಕ್ಕ ಹಾಕಿ



ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಯಾವ ಊರಿಗೆ ಹೋದರೂ ಈಗ ರೈತನ ಅಂಗಳದಲ್ಲಿ ಪಿಕಪ್ ನಿಂತಿರುವುದು ಕಾಣುತ್ತದೆ. ತಲೆಹೊರೆ ಹೋಯಿತು, ಎತ್ತಿನ ಗಾಡಿ ಹೋಯಿತು. ಒಳ್ಳೆಯದೇ ಆಯಿತು. ತೆಂಗಿನಕಾಯಿ, ಅಡಿಕೆ, ಬಾಳೆಗೊನೆ, ರಬ್ಬರ್ ಶೀಟು ಹೇರಿಕೊಂಡು ನಮ್ಮ ಮಾಲನ್ನು ನಾವೇ ಪೇಟೆಗೆ ಒಯ್ಯುವುದು ತಪ್ಪೇನಲ್ಲ. ಆದರೆ ಆ ಗಾಡಿ ನಮ್ಮ ಮಾಲನ್ನು ಹೊರುತ್ತಿದೆಯೋ, ನಾವೇ ಆ ಗಾಡಿಯನ್ನು ಹೊರುತ್ತಿದ್ದೇವೆಯೋ ಎಂದು ಒಮ್ಮೆ ಕೂತು ಲೆಕ್ಕ ಹಾಕಿದವರು ನಮ್ಮಲ್ಲಿ ಎಷ್ಟು ಜನ?

ನಾನು ಹಾಕಲಿಲ್ಲ. ಅದಕ್ಕೇ ಈ ಬರಹ.

2022ರಲ್ಲಿ ನಾನು ಒಂದೂವರೆ ಟನ್ ವರ್ಗದ ಪಿಕಪ್ ತೆಗೆದೆ. ರಸ್ತೆಗಿಳಿಯುವ ಹೊತ್ತಿಗೆ 8 ಲಕ್ಷ. 2 ಲಕ್ಷ ಕೈಯಿಂದ, 6 ಲಕ್ಷ ಸಾಲ. ಸಾಲ ಕೊಟ್ಟವರು ಹೇಳಿದ್ದು, "ಬರೀ ಎಂಟು ಪರ್ಸೆಂಟು ಬಡ್ಡಿ, ತಿಂಗಳಿಗೆ 14 ಸಾವಿರ ಕಂತು, ಐದು ವರ್ಷ." ಬ್ಯಾಂಕಿನವರು ಹತ್ತು ಎಂದಿದ್ದರು. ಹತ್ತಕ್ಕಿಂತ ಎಂಟು ಕಮ್ಮಿ ಅಲ್ವಾ ಮಾರಾಯ್ರೆ? ಸಹಿ ಹಾಕಿದೆ.

ಎರಡು ವರ್ಷ ಒಂದು ಕಂತೂ ತಪ್ಪಿಸದೆ 3,36,000 ರೂಪಾಯಿ ಕಟ್ಟಿದೆ. ಅಡಿಕೆಗೆ ಒಳ್ಳೆ ರೇಟು ಬಂದಾಗ ಸಾಲ ತೀರಿಸಿಬಿಡುವ ಎಂದು ಹೋದೆ. ಐದರಲ್ಲಿ ಎರಡು ಪಾಲು ಅಸಲು ಹೋಗಿರಬೇಕು, 3,60,000 ಉಳಿದಿರಬೇಕು ಎಂದು ನನ್ನ ಅಂದಾಜು. ಅವರು ತೋರಿಸಿದ ಬಾಕಿ 4 ಲಕ್ಷ 8 ಸಾವಿರಕ್ಕೂ ಮೇಲೆ!

ಇದರ ಗುಟ್ಟು ಇಷ್ಟೇ. ಅವರ ಎಂಟು 'ಫ್ಲಾಟ್' ಎಂಟು. ನೀವು ಅಸಲು ತೀರಿಸುತ್ತಾ ಹೋದರೂ ಐದು ವರ್ಷವೂ ಪೂರ್ತಿ 6 ಲಕ್ಷದ ಮೇಲೆಯೇ ಬಡ್ಡಿ ಎಣಿಸುತ್ತಾರೆ. ವರ್ಷಕ್ಕೆ 48 ಸಾವಿರದಂತೆ ಒಟ್ಟು ಬಡ್ಡಿ 2,40,000. ಬ್ಯಾಂಕಿನ ಹತ್ತು ಉಳಿದ ಬಾಕಿಯ ಮೇಲೆ ಮಾತ್ರ. ಅಲ್ಲಿ ಕಂತು ಸುಮಾರು 12,750, ಐದು ವರ್ಷದ ಬಡ್ಡಿ ಸುಮಾರು 1,65,000. ಅಂದರೆ ಫ್ಲಾಟ್ ಎಂಟು ನಿಜವಾಗಿ ಹದಿನಾಲ್ಕಕ್ಕೂ ಮೇಲೆ. ನನಗೆ ಹೋದದ್ದು 75 ಸಾವಿರ.

75 ಸಾವಿರ ಅಂದರೆ ಎಷ್ಟು? ರೂಪಾಯಿಯಲ್ಲಿ ಹೇಳಿದರೆ ನಮಗೆ ತಾಗುವುದಿಲ್ಲ, ಭತ್ತದಲ್ಲಿ ಹೇಳುವ. 2025-26ಕ್ಕೆ ಕೇಂದ್ರ ಸರಕಾರ ಸಾಮಾನ್ಯ ಭತ್ತಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಆ ಬೆಲೆ ಪೂರ್ತಿ ಕೈಗೆ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. 75 ಸಾವಿರಕ್ಕೆ ಸುಮಾರು 32 ಕ್ವಿಂಟಾಲು ಬೇಕು. 8 ಲಕ್ಷದ ಗಾಡಿಗೆ 338 ಕ್ವಿಂಟಾಲು. ಎಕರೆಗೆ 18 ಕ್ವಿಂಟಾಲು ಬೆಳೆದರೂ ಹತ್ತೊಂಬತ್ತು ಎಕರೆ ಗದ್ದೆಯ ಬೆಳೆ, ಅದೂ ಗೊಬ್ಬರ, ಉಳುಮೆ, ಕೂಲಿ ಏನನ್ನೂ ಕಳೆಯದೆ. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟು ಎರಡು ಮೂರು ಎಕರೆ ಪಡೆದ ಮನೆತನಗಳು ನಮ್ಮವು. ನಮ್ಮ ಯಾರ ಮನೆಯಲ್ಲಿದೆ ಹತ್ತೊಂಬತ್ತು ಎಕರೆ ಗದ್ದೆ?

ಗಾಡಿ ಮಾಡುವ ಕಂಪೆನಿ ಕಬ್ಬಿಣ, ಕೂಲಿ, ಜಾಹೀರಾತು, ಲಾಭ ಎಲ್ಲ ಸೇರಿಸಿ ತನ್ನ ಬೆಲೆ ತಾನೇ ಬರೆಯುತ್ತದೆ. ನಮ್ಮ ಮಾಲಿನ ಬೆಲೆಯನ್ನು ಕೊಳ್ಳುವವನು ಬರೆಯುತ್ತಾನೆ. ಹೀಗಿರುವಾಗ ಅವನು ಬರೆದ ಬೆಲೆಯನ್ನು ನಾವು ಓದದೆ ಸಹಿ ಹಾಕಿದರೆ ತಪ್ಪು ಯಾರದು?

ಈಗ ತೆರಿಗೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಿಸುವ ಗಾಡಿಯ ಜಿ.ಎಸ್.ಟಿ. 28ರಿಂದ 18ಕ್ಕೆ ಇಳಿಯಿತು. ಹಳೆಯ ತೆರಿಗೆ ಸೇರಿ 8 ಲಕ್ಷ ಇದ್ದ ಶೋರೂಮ್ ಬೆಲೆ, ಮೂಲ ಬೆಲೆ ಹೆಚ್ಚಿಸದಿದ್ದರೆ, 7,37,500 ಆಗಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ನೆನಪಿಡಿ: ಹೊಸತರ ಬೆಲೆ ಇಳಿದ ಮೇಲೆ ಹಳೆಯದರ ಬೆಲೆಯೂ ಇಳಿಯಬೇಕು. ಅದೇ ದಿನದಿಂದ ಟ್ರ್ಯಾಕ್ಟರಿಗೆ ಶೇಕಡಾ 5 ಮಾತ್ರ. ಉಳುವ ಗಾಡಿಗೆ 5, ಬೆಳೆದದ್ದನ್ನು ಹೊರುವ ಗಾಡಿಗೆ 18! ನೋಂದಣಿ ಇರುವ ವ್ಯಾಪಾರಿ ಗಾಡಿಗೆ ಕೊಟ್ಟ ಈ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತಾನೆ. ಬೆಳೆ ಮಾತ್ರ ಮಾರುವ ರೈತನಿಗೆ ಆ ವಜಾ ಇಲ್ಲ. ಇದು ಯಾವ ನ್ಯಾಯ?

ಇನ್ನು ಬಾಡಿಗೆ ಗಾಡಿಯ ಜೊತೆ ಹೋಲಿಸುವ. ನನ್ನ ಲೆಕ್ಕ ಹೇಳುತ್ತೇನೆ. ವರ್ಷದ ಕಂತು 1,68,000. ವಿಮೆ, ಟಯರು, ರಿಪೇರಿ ಸೇರಿ ಸುಮಾರು 40 ಸಾವಿರ. ಒಟ್ಟು 2,08,000. ನಮ್ಮೂರಿಂದ ಕುಂದಾಪುರಕ್ಕೆ ಬಾಡಿಗೆಯವನು ಕೇಳುತ್ತಿದ್ದದ್ದು 1,500. ನನ್ನ ಗಾಡಿಗೆ ಡೀಸೆಲ್ 300. ಟ್ರಿಪ್ಪಿಗೆ ಉಳಿಯುವುದು 1,200. ಅಸಲಿಗೆ ಬರಬೇಕಾದರೆ ವರ್ಷಕ್ಕೆ 173 ಟ್ರಿಪ್ ಬೇಕು. ನಾನು ಓಡಿಸಿದ್ದು 80. "ಸಾಲ ತೀರಿದ ಮೇಲೆ ಗಾಡಿ ಉಳಿಯುತ್ತದಲ್ಲ" ಎನ್ನುವಿರಿ. ಉಳಿಯುತ್ತದೆ, ನಿಜ. ಆದರೆ ನಮ್ಮ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಕಂಡ ಗಾಡಿಯ ತಳವನ್ನು ಒಮ್ಮೆ ಬಗ್ಗಿ ನೋಡಿ.

ಹಾಗಾದರೆ ಕೊಳ್ಳಲೇಬಾರದೇ? ಹಾಗಲ್ಲ. ಕೇಳಿ ಕೊಳ್ಳಿ.

ಮೊದಲನೆಯದು, ಎರಡು ಮೂರು ಕಡೆ ರಸ್ತೆಗಿಳಿಯುವ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಗಾಡಿಗೆ ಎಷ್ಟು, ರಸ್ತೆ ತೆರಿಗೆ ಎಷ್ಟು, ವಿಮೆ ಎಷ್ಟು, 'ಇತರೆ' ಅಂದರೆ ಎಂತ? ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ.

ಎರಡನೆಯದು, ಬಡ್ಡಿ ಎಷ್ಟು ಎಂದು ಕೇಳಬೇಡಿ. ಕೊನೆಗೆ ಒಟ್ಟು ಎಷ್ಟು ರೂಪಾಯಿ ಕಟ್ಟಬೇಕು, ನಡುವೆ ತೀರಿಸಿದರೆ ಎಷ್ಟು ಎಂದು ಕೇಳಿ, ಬರೆಸಿಕೊಳ್ಳಿ.

ಮೂರನೆಯದು, ನಿಮ್ಮ ಹೊರೆಗೆ ತಕ್ಕ ಗಾಡಿ ನೋಡಿ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಮುಕ್ಕಾಲು ಟನ್ನಿನ ಸಣ್ಣ ಗಾಡಿಯೂ ಸಿಗುತ್ತದೆ. ವಾರಕ್ಕೆ ಹತ್ತು ಬಾಳೆಗೊನೆ ಒಯ್ಯುವವನಿಗೆ ದೊಡ್ಡ ಗಾಡಿ ಯಾಕೆ? ಹಾಗೆಂದು ಸಣ್ಣದರಲ್ಲಿ ದುಪ್ಪಟ್ಟು ಹೇರಬೇಡಿ. 2019ರ ತಿದ್ದುಪಡಿಯಂತೆ ಹೆಚ್ಚು ಭಾರಕ್ಕೆ ದಂಡ 20 ಸಾವಿರ, ಮೇಲೆ ಟನ್ನಿಗೆ 2 ಸಾವಿರ. ಹಿಂದೆ ಕೆಲಸದವರನ್ನು ಕೂರಿಸಿ ಅಪಘಾತವಾದರೆ ಪರಿಹಾರ ನಿಮ್ಮ ತಲೆಗೇ ಬಂದೀತು, ಗದ್ದೆ ಹೋದೀತು.

ನಾಲ್ಕನೆಯದು, ಸಹಕಾರಿ ಸಾಲ ಕೇಳಿ. 2023ರ ಜುಲೈ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಗುಡ್ಡಗಾಡು ಪ್ರದೇಶದ ರೈತರಿಗೆ ಪಿಕಪ್ ಕೊಳ್ಳಲು ಶೇಕಡಾ 4ರ ಬಡ್ಡಿಯಲ್ಲಿ 7 ಲಕ್ಷದವರೆಗೆ ಸಾಲ ಘೋಷಿಸಿದರು. 6 ಲಕ್ಷಕ್ಕೆ ಐದು ವರ್ಷದಲ್ಲಿ ಬಡ್ಡಿ ಸುಮಾರು 63 ಸಾವಿರ. ನಾನು ಒಪ್ಪಿದ್ದು 2,40,000! ಕೊಲ್ಲೂರು, ಹೊಸಂಗಡಿ, ಅಮಾಸೆಬೈಲು ಗುಡ್ಡಗಾಡಲ್ಲದೆ ಮತ್ತೆಂತ? ನಿಮ್ಮ ಸೊಸೈಟಿಗೆ ಲಿಖಿತ ಅರ್ಜಿ ಕೊಡಿ. ಇಲ್ಲ ಎಂದರೆ ಆ 'ಇಲ್ಲ'ವನ್ನೂ ಬರವಣಿಗೆಯಲ್ಲಿ ಕೇಳಿ. ಬಾಯಿ ಮಾತಿನ ಉತ್ತರ ಹಿಡಿದುಕೊಂಡು ಮನೆಗೆ ಬರಬೇಡಿ.

ಕೊನೆಯದು, ಒಬ್ಬನಿಗೆ 80 ಟ್ರಿಪ್ಪಾದರೆ ಮೂರು ಮನೆಗೆ 240. ಮೂರು ಮನೆಯವರು ಕರಾರು ಬರೆದು ಒಂದೇ ಗಾಡಿ ಇಟ್ಟುಕೊಂಡರೆ ಲೆಕ್ಕ ಸರಿಯಾಗುತ್ತದೆ. ಸೊಸೈಟಿಯೇ ಒಂದು ಪಿಕಪ್ ಇಟ್ಟು ಸದಸ್ಯರಿಗೆ ನ್ಯಾಯದ ಬಾಡಿಗೆಗೆ ಕೊಟ್ಟರೆ ಇನ್ನೂ ಒಳ್ಳೆಯದು. ಮುಂದಿನ ಮಹಾಸಭೆಯಲ್ಲಿ ಈ ಮಾತು ಎತ್ತಿ. ನಾನು ನಮ್ಮ ಸೊಸೈಟಿಯಲ್ಲಿ ಎತ್ತುತ್ತೇನೆ.

ಪಕ್ಕದ ಮನೆಯಲ್ಲಿ ಗಾಡಿ ಬಂತೆಂದು ನಾವೂ ತರುವುದು ಬೇಡ. ಪೆನ್ನು ಹಿಡಿಯುವ ಮುನ್ನ ಒಂದು ಸಂಜೆ ಮನೆಯವರನ್ನೆಲ್ಲ ಕೂರಿಸಿ, ಕಂತನ್ನು ಕ್ವಿಂಟಾಲಿನಲ್ಲಿ ಬರೆಯಿರಿ. ತಿಂಗಳಿಗೆ 14 ಸಾವಿರ ಅಂದರೆ ಸುಮಾರು ಆರು ಕ್ವಿಂಟಾಲು ಭತ್ತ, ಅರವತ್ತು ತಿಂಗಳು. ಅಷ್ಟು ನಿಮ್ಮ ಕಣಜದಲ್ಲಿ ಇದ್ದರೆ ಸಹಿ ಹಾಕಿ.