ರಕ್ತ ಕಂಡರೆ ‘ಉಷ್ಣ’ ಎನ್ನುವುದು ಇನ್ನು ಸಾಕು

ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಮೂವತ್ತು ದಾಟಿದವರ ಮನೆ ಬಾಗಿಲಿಗೇ ಆರೋಗ್ಯ ಸಿಬ್ಬಂದಿ ಬಂದು ಬಿಪಿ, ಶುಗರ್ ನೋಡುತ್ತಾರೆ. ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿನ ಲಕ್ಷಣಗಳನ್ನು ವಿಚಾರಿಸುತ್ತಾರೆ. ಮೆಚ್ಚಬೇಕಾದ ಕೆಲಸ. ಆದರೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿಗೆ ಈ ತಪಾಸಣೆಯಲ್ಲಿ ಜಾಗ ಸಿಕ್ಕಿಲ್ಲ. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಅದೇ ಮೂರು ಕ್ಯಾನ್ಸರಿಗೆ ನಿಂತಿತ್ತು. ಈ ಲೋಪವನ್ನು ಸರಿಪಡಿಸಲು ಇನ್ನೂ ಕಾಯುವುದು ತಪ್ಪು ಎಂಬುದು ನನ್ನ ವಾದ. ಅದರ ಬೆಲೆಯನ್ನು ತುಮಕೂರು ಜಿಲ್ಲೆಯ ಕಡಬದಂಥ ಹೋಬಳಿಗಳ ಜನ ಕೊಡುತ್ತಿದ್ದಾರೆ.

ಪಟ್ಟಿಯಲ್ಲಿ ಏಕಿಲ್ಲ ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ಇದು ಪಾಶ್ಚಾತ್ಯರ ರೋಗ, ನಮ್ಮಲ್ಲಿ ಕಡಿಮೆ. ಲಕ್ಷಕ್ಕೆ ಎಷ್ಟು ಮಂದಿ ಎಂಬ ಲೆಕ್ಕದಲ್ಲಿ ಯುರೋಪ್, ಅಮೆರಿಕಗಳಿಗಿಂತ ನಮ್ಮಲ್ಲಿ ಕಡಿಮೆ ಇರುವುದು ನಿಜ. ಆದರೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 70 ಸಾವಿರ ಜನರಿಗೆ ಈ ರೋಗ ಬಂದಿದೆ, ಸುಮಾರು 40 ಸಾವಿರ ಜನ ಸತ್ತಿದ್ದಾರೆ. ನಮ್ಮ ರೋಗಿಗಳ ಚಹರೆಯೂ ಬೇರೆ. ಇಲ್ಲಿ ಗುದನಾಳದ ಕ್ಯಾನ್ಸರಿನ ಪಾಲು ದೊಡ್ಡದು, ಐವತ್ತಕ್ಕಿಂತ ಚಿಕ್ಕವರು ಹೆಚ್ಚು, ತಡವಾಗಿ ಬರುವವರು ಇನ್ನೂ ಹೆಚ್ಚು. ರೋಗ ಕಡಿಮೆ ಎನ್ನುವ ಮಾತು ರೋಗಿಯ ಕಿವಿಗೆ ಮಾತ್ರ ಬೀಳುವುದಿಲ್ಲ, ವೈದ್ಯರ ಮನಸ್ಸಿನಲ್ಲೂ ಕೂರುತ್ತದೆ. ಮೂವತ್ತೈದರ ಯುವಕ ಮಲದಲ್ಲಿ ರಕ್ತ ಹೋಗುತ್ತಿದೆ ಎಂದರೆ ಕ್ಯಾನ್ಸರ್ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಈ ಸೀಮೆಯಲ್ಲಿ ಆ ಮಾತಿಗೆ ಇನ್ನೊಂದು ಬಲವಿದೆ. ರಾಗಿ ತಿನ್ನುವವರಿಗೆ ಹೊಟ್ಟೆಯ ರೋಗ ಬರುವುದಿಲ್ಲ ಎಂಬ ಹೆಮ್ಮೆ ಗುಬ್ಬಿ, ಕುಣಿಗಲ್, ತುಮಕೂರಿನ ಉದ್ದಕ್ಕೂ ಇದೆ. ಹೆಮ್ಮೆಗೆ ಆಧಾರವೂ ಇದೆ. ಉಗಾಂಡಾದಲ್ಲಿ ದುಡಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್, ನಾರು ಹೆಚ್ಚಿರುವ ಊಟ ಉಣ್ಣುವ ಆಫ್ರಿಕಾದ ಹಳ್ಳಿಗರಲ್ಲಿ ಕರುಳಿನ ಕ್ಯಾನ್ಸರ್ ಅಪರೂಪ ಎಂದು 1971ರಲ್ಲೇ ಬರೆದರು. ನಾರು ಮಲವನ್ನು ಬೇಗ ಸಾಗಿಸುತ್ತದೆ. ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಉಂಟುಮಾಡುವ ಬ್ಯುಟಿರೇಟ್ ಕರುಳಿನ ಒಳಪದರಕ್ಕೆ ಆಹಾರವಾಗುತ್ತದೆ. ದಿನಕ್ಕೆ 90 ಗ್ರಾಂ ಇಡಿಧಾನ್ಯ ತಿಂದರೆ ಈ ಕ್ಯಾನ್ಸರಿನ ಅಪಾಯ ಶೇ 17ರಷ್ಟು ಇಳಿಯುತ್ತದೆ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ವಿಶ್ಲೇಷಣೆ ಹೇಳುತ್ತದೆ. ಶೇ 17 ಸಣ್ಣದಲ್ಲ. ಆದರೆ ಉಳಿದ ಅಪಾಯ ಉಳಿದೇ ಇರುತ್ತದೆ. ಬೀಡಿ, ಮದ್ಯ, ಬೊಜ್ಜು, ಮನೆತನದಲ್ಲಿ ಬಂದ ದೋಷ, ಏರುವ ವಯಸ್ಸು ಇವ್ಯಾವುವನ್ನೂ ಮುದ್ದೆ ಅಳಿಸಿಹಾಕುವುದಿಲ್ಲ. ಊಟ ಚೆನ್ನಾಗಿದೆ ಎಂಬ ನೆಮ್ಮದಿಯಲ್ಲಿ ರಕ್ತವನ್ನು ಕಡೆಗಣಿಸಿದರೆ ಆ ಹೆಮ್ಮೆಯೇ ಪ್ರಾಣಕ್ಕೆ ಕುತ್ತು.

ತಟ್ಟೆಯೂ ಮೊದಲಿನದಾಗಿ ಉಳಿದಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 11 ಗ್ರಾಮಿಗೂ ಹೆಚ್ಚು ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. 2013ರಲ್ಲಿ ಬಂದ ಅನ್ನಭಾಗ್ಯ ಹಸಿವನ್ನು ಹಿಂದಕ್ಕಟ್ಟಿತು. ಆ ಯೋಜನೆಯನ್ನು ಹೀಗಳೆಯುವವರ ಜೊತೆ ನಾನಿಲ್ಲ. ನನ್ನ ತಕರಾರು ಅದರ ಸುತ್ತ ನಡೆದ ಜಗಳದ ಮೇಲೆ. 2023ರಲ್ಲಿ ಕೇಂದ್ರ ಹೆಚ್ಚುವರಿ ಅಕ್ಕಿ ಮಾರಲು ನಿರಾಕರಿಸಿತು, ಅದರ ಬದಲು ರಾಜ್ಯ ತಿಂಗಳಿಗೆ ತಲೆಗೆ 170 ರೂಪಾಯಿ ಕೊಟ್ಟಿತು, 2025ರ ಫೆಬ್ರುವರಿಯಿಂದ ಹಣದ ಬದಲು ಮತ್ತೆ ಅಕ್ಕಿಯೇ ಬಂತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೆಚ್ಚುವರಿ ಅಕ್ಕಿಯ ಜಾಗಕ್ಕೆ ಬೇಳೆ, ಎಣ್ಣೆಯ ಕಿಟ್ ಕೊಡಲು ಸಂಪುಟ ಒಪ್ಪಿತು. ಈ ಎಲ್ಲ ಗದ್ದಲದಲ್ಲಿ ಚರ್ಚೆಯಾದದ್ದು ಎಷ್ಟು ಕೆಜಿ, ಎಷ್ಟು ಹಣ ಎಂಬುದು. ಹಳೇ ಮೈಸೂರು ಸೀಮೆಯ ಪಡಿತರ ಚೀಲದಲ್ಲಿ ರಾಗಿಯ ಪಾಲು ಎಷ್ಟಿರಬೇಕು ಎಂದು ಎರಡೂ ಕಡೆಯವರು ಗಟ್ಟಿಯಾಗಿ ಕೇಳಲಿಲ್ಲ. 2025-26ಕ್ಕೆ ಕ್ವಿಂಟಾಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ನಿಗದಿಯಾದ ರಾಗಿಯನ್ನು ಈ ಜಿಲ್ಲೆಯ ರೈತರೇ ಬೆಳೆಯುತ್ತಾರೆ. ಅದು ವರ್ಷವಿಡೀ, ತಪ್ಪದೆ, ಇಲ್ಲಿಯದೇ ಪಡಿತರ ಅಂಗಡಿಗೆ ಬರಬೇಕು. ಹುರುಳಿಯೂ ಅವರೆಯೂ ಕಿಟ್‌ಗೆ ಸೇರಬೇಕು. ಸಂಜೆಗೆ ಗೋಬಿ, ಎಗ್‌ರೈಸ್ ಗಾಡಿಯ ಮುಂದೆ ನಿಲ್ಲುವ ಹುಡುಗರಿಗೆ ನಾರಿನ ಉಪದೇಶ ಮಾಡುವ ಮೊದಲು, ಅವರ ಮನೆಯ ಅಡುಗೆಮನೆಗೆ ರಾಗಿ ತಲುಪಿಸುವುದು ಸರ್ಕಾರದ ಕರ್ತವ್ಯ.

ಊಟದಷ್ಟೇ ದೊಡ್ಡ ಪ್ರಶ್ನೆ, ರಕ್ತ ಕಂಡ ದಿನ ಏನಾಗುತ್ತದೆ ಎಂಬುದು. ನಮ್ಮ ಹಳ್ಳಿಗಳಲ್ಲಿ ಆಗುವುದು ಎಲ್ಲರಿಗೂ ಗೊತ್ತು. ಮೊದಮೊದಲು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಹಿರಿಯರು, “ಉಷ್ಣ ಜಾಸ್ತಿ ಆಗೈತೆ ಕಣಪ್ಪ, ಎಳನೀರು ಕುಡಿ, ಮಜ್ಜಿಗೆ ಕುಡಿ” ಅನ್ನುತ್ತಾರೆ. ನಿಲ್ಲದಿದ್ದರೆ ಮೂಲವ್ಯಾಧಿ ಎಂದು ಮನೆಯವರೇ ತೀರ್ಮಾನಿಸುತ್ತಾರೆ. ಆಮೇಲೆ ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣಪಡಿಸುವ ಬೋರ್ಡು ಹಾಕಿಕೊಂಡವರ ಬಾಗಿಲು. ಪದವಿಯೂ ನೋಂದಣಿಯೂ ಇಲ್ಲದವರು ಅಲ್ಲಿ ಒಳಗೆ ನೋಡದೆಯೇ ಮದ್ದು ಕೊಡುತ್ತಾರೆ, ಸೂಜಿ ಚುಚ್ಚುತ್ತಾರೆ. ಮೂಲವ್ಯಾಧಿ ಇದ್ದವರಿಗೂ ಕ್ಯಾನ್ಸರ್ ಬರಬಹುದು, ಎರಡೂ ಒಟ್ಟಿಗೇ ಇರಬಹುದು. ಹೀಗೆ ತಿಂಗಳುಗಳು ಉರುಳಿ ತೂಕ ಇಳಿದು, ಮಲದ ದಾರಿ ಕಟ್ಟಿಕೊಂಡಾಗ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ. ಹೆಂಗಸರ ಪಾಡು ಇನ್ನೂ ಕಷ್ಟ. ಅವರು ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುತ್ತಲೇ ಇರುತ್ತಾರೆ, ರಕ್ತ ಎಲ್ಲಿ ಸೋರುತ್ತಿದೆ ಎಂದು ಯಾರೂ ಹುಡುಕುವುದಿಲ್ಲ.

ಬೇಗ ಕಂಡುಹಿಡಿಯುವುದಕ್ಕೂ ತಡವಾಗುವುದಕ್ಕೂ ಇರುವ ಅಂತರ ಪ್ರಾಣದ್ದು. ಅಮೆರಿಕದ ಅಂಕಿ-ಅಂಶಗಳಂತೆ ರೋಗ ಕರುಳಿನಲ್ಲೇ ಇರುವಾಗ ಸಿಕ್ಕರೆ ಐದು ವರ್ಷ ಬದುಕುವವರು ನೂರಕ್ಕೆ ಸುಮಾರು 90, ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕರೆ 15ರ ಆಸುಪಾಸು. ಕರುಳಿನ ಗೋಡೆಯಲ್ಲಿ ಹುಟ್ಟುವ ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ. ಅಷ್ಟರಲ್ಲಿ ತೆಗೆದುಹಾಕಿದರೆ ಆ ಗಂಟಿನಿಂದ ಕ್ಯಾನ್ಸರೇ ಆಗುವುದಿಲ್ಲ. ಇಷ್ಟು ದೀರ್ಘ ಕಾಲಾವಕಾಶ ಕೊಡುವ ಕ್ಯಾನ್ಸರ್‌ಗಳು ಕಡಿಮೆ.

ಇಲ್ಲಿ ಕೆಲವು ತಜ್ಞರು ಎತ್ತುವ ಆಕ್ಷೇಪವನ್ನು ಗೌರವದಿಂದಲೇ ಎದುರಿಸಬೇಕು. ಕರುಳಿನೊಳಗೆ ಕ್ಯಾಮೆರಾ ಕಳಿಸಿ ನೋಡುವ ಕೊಲೊನೋಸ್ಕೋಪಿ ಮಾಡುವ ವೈದ್ಯರು ಬೆರಳೆಣಿಕೆಯಷ್ಟಿರುವಾಗ ಎಲ್ಲರಿಗೂ ತಪಾಸಣೆ ಎಂದರೆ ಅರ್ಥವಿಲ್ಲ, ಹಣವೂ ವ್ಯರ್ಥ ಎನ್ನುತ್ತಾರೆ ಅವರು. ಎಲ್ಲರಿಗೂ ಕೊಲೊನೋಸ್ಕೋಪಿ ಮಾಡಿ ಎಂದು ನಾನೂ ಕೇಳುತ್ತಿಲ್ಲ. ನಗರದ ಪ್ರಯೋಗಾಲಯಗಳು ಮಾರುವ ‘ಫುಲ್ ಬಾಡಿ ಚೆಕಪ್’ ಕೂಡ ಇದಕ್ಕೆ ಪರಿಹಾರವಲ್ಲ. ಕೇಳುತ್ತಿರುವುದು ಮೆಟ್ಟಿಲು ಮೆಟ್ಟಿಲಾದ ವ್ಯವಸ್ಥೆ.

ಮೊದಲ ಮೆಟ್ಟಿಲಿಗೆ ಖರ್ಚೇ ಇಲ್ಲ. ಗೃಹ ಆರೋಗ್ಯಕ್ಕೆ ಮನೆಗೆ ಬರುವ ಆಶಾ ಕಾರ್ಯಕರ್ತೆ ನಾಲ್ಕು ಪ್ರಶ್ನೆ ಹೆಚ್ಚಿಗೆ ಕೇಳಲಿ: ಮಲದಲ್ಲಿ ರಕ್ತ ಹೋಗುತ್ತಿದೆಯೇ, ಕೆಲವು ವಾರಗಳಿಂದ ಮಲವಿಸರ್ಜನೆಯ ರೀತಿ ಬದಲಾಗಿದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಒಡಹುಟ್ಟಿದವರಿಗೆ, ತಂದೆತಾಯಿಗೆ ಕರುಳಿನ ಕ್ಯಾನ್ಸರ್ ಬಂದಿತ್ತೇ. ಎರಡನೆಯದು, ಹೌದು ಎಂದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಗ್ಲೌಸ್ ಹಾಕಿಕೊಂಡು ಬೆರಳಿನಿಂದ ಗುದನಾಳ ಪರೀಕ್ಷಿಸುವುದು. ನಮ್ಮಲ್ಲಿ ಗುದನಾಳದ ಕ್ಯಾನ್ಸರೇ ಹೆಚ್ಚಿರುವುದರಿಂದ, ಕೆಳಭಾಗದ ಹಲವು ಗಡ್ಡೆಗಳು ಆ ಬೆರಳಿಗೇ ಸಿಗುತ್ತವೆ. ಮುಜುಗರದ ನೆಪದಲ್ಲಿ ಅದನ್ನು ಬಿಟ್ಟುಬಿಡುವುದು ವೈದ್ಯಧರ್ಮವಲ್ಲ. ಹೆಂಗಸರಿಗೆ ವೈದ್ಯೆಯೋ ಜೊತೆಗೆ ನರ್ಸೋ ಇರುವಂತೆ ನೋಡಿಕೊಳ್ಳಬೇಕು. ಮೂರನೆಯದು, ಲಕ್ಷಣವಿಲ್ಲದಿದ್ದರೂ ಐವತ್ತು ದಾಟಿದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಪತ್ತೆಹಚ್ಚುವ ‘ಫಿಟ್’ ಪರೀಕ್ಷೆ. ಜಪಾನ್ 1992ರಿಂದ ಇದನ್ನು ದೇಶದಾದ್ಯಂತ ಮಾಡುತ್ತಿದೆ. ಇಂಗ್ಲೆಂಡ್ 2006ರಿಂದ ಮಲ ಪರೀಕ್ಷೆಯ ಕಿಟ್ಟನ್ನು ಅಂಚೆಯಲ್ಲಿ ಮನೆಗೇ ಕಳಿಸುತ್ತಿದೆ. ಹಳೆಯ ಬಗೆಯ ಮಲ ಪರೀಕ್ಷೆಯನ್ನೇ ವರ್ಷವರ್ಷ ಮಾಡಿದಾಗ ಈ ಕ್ಯಾನ್ಸರಿನ ಸಾವು ಶೇ 33ರಷ್ಟು ಇಳಿದದ್ದನ್ನು ಅಮೆರಿಕದ ಮಿನ್ನೆಸೋಟ ಅಧ್ಯಯನ 1993ರಲ್ಲೇ ತೋರಿಸಿತು. ಕೊನೆಯದು, ಪರೀಕ್ಷೆಯಲ್ಲಿ ರಕ್ತ ಕಂಡವರಿಗೆ, ಲಕ್ಷಣ ಉಳಿದವರಿಗೆ ಮತ್ತು ಮನೆತನದಲ್ಲಿ ಈ ರೋಗ ಇದ್ದವರಿಗೆ ಮಾತ್ರ ಕೊಲೊನೋಸ್ಕೋಪಿ, ಅದೂ ಜಿಲ್ಲಾ ಮಟ್ಟದಲ್ಲಿ, ವಾರಗಳ ಒಳಗೆ, ಉಚಿತವಾಗಿ. ಈ ಸೌಲಭ್ಯ ಸಜ್ಜಾಗುವವರೆಗೆ ಫಿಟ್ ಪರೀಕ್ಷೆ ಕಾಯಬಹುದು. ಮೊದಲ ಎರಡು ಮೆಟ್ಟಿಲು ಕಾಯಬೇಕಿಲ್ಲ.

ಹಣವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರೋಗ ಬಲಿತ ಮೇಲೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡಲು ಸರ್ಕಾರ ತಯಾರಿದೆ. ಕೆಲವು ನೂರು ರೂಪಾಯಿಯ ಪರೀಕ್ಷೆಗೆ ತಯಾರಿಲ್ಲ ಎಂದರೆ ಅದು ಉಳಿತಾಯವಲ್ಲ, ನಷ್ಟ. ನಕಲಿ ವೈದ್ಯರನ್ನು ತಡೆಯಲು ಹೊಸ ಕಾನೂನೂ ಬೇಕಿಲ್ಲ. ಖಾಸಗಿ ಚಿಕಿತ್ಸಾಲಯಗಳೆಲ್ಲ ನೋಂದಣಿ ಮಾಡಿಸಲೇಬೇಕೆನ್ನುವ ಕೆಪಿಎಂಇ ಕಾಯ್ದೆ 2007ರಿಂದ ಇದೆ. ಮೂಲವ್ಯಾಧಿ ಬೋರ್ಡುಗಳನ್ನು ಹುಡುಕಿ ಹೋಗಬೇಕಾಗಿಯೂ ಇಲ್ಲ, ಅವು ರಸ್ತೆಯ ಮೇಲೇ ಇವೆ. ಜಿಲ್ಲಾಡಳಿತ ಮನಸ್ಸು ಮಾಡಬೇಕು, ಅಷ್ಟೇ.

ಕಡಬದ ಓದುಗರಿಗೂ ಒಂದು ಮಾತು. ಮುದ್ದೆ, ಸೊಪ್ಪಿನ ಸಾರು, ಹುರುಳಿ ಬಿಡಬೇಡಿ. ಬೀಡಿ, ಮದ್ಯ ಬಿಡಿ. ಆದರೆ ರಕ್ತ ಕಂಡರೆ, ಅದು ಒಂದೇ ಸಲವಾದರೂ, ಎಳನೀರಿನಲ್ಲಿ ಮುಗಿಸದೆ ವೈದ್ಯರ ಮುಂದೆ ಹೇಳಿ, ಪರೀಕ್ಷಿಸಿ ಎಂದು ಒತ್ತಾಯಿಸಿ. ಶಾಸಕರು, ಪಂಚಾಯಿತಿ ಸದಸ್ಯರು ಊರಿಗೆ ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ: ಗೃಹ ಆರೋಗ್ಯದ ಪಟ್ಟಿಗೆ ಕರುಳಿನ ಕ್ಯಾನ್ಸರ್ ಸೇರುವುದು ಯಾವಾಗ? ಜನ ಕೇಳುವವರೆಗೆ ಸೇರುವುದಿಲ್ಲ. ಸೇರದ ಪ್ರತಿ ವರ್ಷವೂ ಉಳಿಸಬಹುದಾಗಿದ್ದ ಜೀವಗಳನ್ನು ನಾವು ಕಳೆದುಕೊಳ್ಳುತ್ತಲೇ ಇರುತ್ತೇವೆ.