ತೋಟದ ಮನೆಯ ತೋಟಾ ಲೆಕ್ಕ

ನಮ್ಮ ಮನೆಯಲ್ಲಿ ಎರಡು ಲೆಕ್ಕದ ಪುಸ್ತಕ ಇವೆ. ಒಂದು ಅಡಿಕೆದು, ಇನ್ನೊಂದು ತೋಟಾದು. ಅಡಿಕೆ ಲೆಕ್ಕ ಹೆಚ್ಚುಕಡಿಮೆ ಆದರೆ ಮಂಡಿಯವರ ಜೊತೆ ಕೂತು ಮಾತಾಡಿ ಸರಿ ಮಾಡ್ಕೋಬಹುದು. ತೋಟಾ ಲೆಕ್ಕ ಹಾಗಲ್ಲ. ಒಂದು ಕಡಿಮೆ ಬಿದ್ದರೂ ‘ಅದು ಎಲ್ಲಿಗೆ ಹೋಯ್ತು’ ಅನ್ನೋ ಪ್ರಶ್ನೆಗೆ ಉತ್ತರ ಬೇಕು.

ಬೆಂಗಳೂರಿನ ಆಫೀಸಿನಲ್ಲಿ ‘ನಮ್ಮನೇಲಿ ಕೋವಿ ಇದೆ’ ಅಂದರೆ ಪಕ್ಕದ ಸೀಟಿನವರು ಕಾಫಿ ಕಪ್ಪು ಕೆಳಗಿಡ್ತಾರೆ. ಮಲೆನಾಡಿನ ತೋಟದ ಮನೆಗಳಲ್ಲಿ ಅದು ದೋಟಿ, ಕತ್ತಿಯ ಜೊತೆಗಿರುವ ಇನ್ನೊಂದು ಸಾಮಾನು, ಅಷ್ಟೇ. ಅಪ್ಪಯ್ಯನದು 12 ಬೋರಿನ ಜೋಡುನಳಿಗೆ. ಲೈಸೆನ್ಸು ಬೆಳೆ ರಕ್ಷಣೆಗೆ. ಹಾಗಂತ ತೋಟಕ್ಕೆ ಬಂದ ಪ್ರಾಣಿಗೆಲ್ಲ ಹೊಡೆಯಬಹುದು ಅಂತಲ್ಲ. ಕೋವಿ ಇಟ್ಟುಕೊಳ್ಳೋದು 1959ರ ಶಸ್ತ್ರಾಸ್ತ್ರ ಕಾಯ್ದೆಯ ವಿಷಯ, ಪ್ರಾಣಿಗೆ ಹೊಡೆಯೋದು 1972ರ ವನ್ಯಜೀವಿ ಕಾಯ್ದೆಯ ವಿಷಯ. ಒಂದರ ಅನುಮತಿ ಇನ್ನೊಂದಕ್ಕೆ ನಡೆಯಲ್ಲ. ನಮ್ಮಲ್ಲಿ ಹಾರಿದ ಈಡೆಲ್ಲ ಮಂಗನ ಹಿಂಡು ಓಡಿಸಲು ಗಾಳಿಗೆ ಹಾರಿದ್ದೇ.

ಲೈಸೆನ್ಸಿನ ಅವಧಿ ಮೊದಲು 3 ವರ್ಷ ಇತ್ತು. 2019ರ ತಿದ್ದುಪಡಿಯಲ್ಲಿ ಅದು 5 ವರ್ಷ ಆಯ್ತು. ನಮ್ಮ ಕಡೆ ಇದನ್ನು ದೊಡ್ಡ ಉಪಕಾರ ಅಂತ ಹೇಳ್ತಾರೆ. ನನಗೇನೋ ಹಾಗನ್ನಿಸಲ್ಲ. ಮೂರು ವರ್ಷದ ಹಿಂದಿನದ್ದನ್ನು ಹೇಗೋ ನೆನಪು ಮಾಡ್ಕೋಬಹುದು. ಐದು ವರ್ಷದ ಹಿಂದಿನ ಶ್ರಾವಣದಲ್ಲಿ ಎಷ್ಟು ಈಡು ಹಾರಿತು ಅಂತ ಬರೆದಿಡದೆ ಯಾರು ಹೇಳ್ತಾರೆ?

ಲೈಸೆನ್ಸಿನಲ್ಲಿ ಒಮ್ಮೆಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅಂತ ಬರೆದಿರ್ತಾರೆ. ನಮ್ಮದರಲ್ಲಿ 50 ಮತ್ತು 100. ಕೊಳ್ಳುವಾಗ ಅಂಗಡಿಯವರು ಲೈಸೆನ್ಸಿನಲ್ಲಿ ತಾರೀಖು, ಸಂಖ್ಯೆ ಹಾಕಿ ಸಹಿ ಮಾಡ್ತಾರೆ, ತಮ್ಮ ರಿಜಿಸ್ಟರಿನಲ್ಲೂ ಬರ್ಕೋತಾರೆ. ಅಂದರೆ ಮನೆಗೆ ಬಂದದ್ದಕ್ಕೆ ಎರಡು ಕಡೆ ದಾಖಲೆ ಇದೆ. ಖರ್ಚಾದದ್ದಕ್ಕೆ? ನಾವು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಪರಿಶೀಲನೆಯ ದಿನ ಕಷ್ಟ ಬರೋದು ಇಲ್ಲೇ. ನಮ್ಮ ನೆರೆಯ ಹಿರಿಯರೊಬ್ಬರಿಗೆ ಒಂಬತ್ತು ತೋಟಾಕ್ಕೆ ಲೆಕ್ಕ ಕೊಡಲಾಗದೆ ನವೀಕರಣ ತಿಂಗಳುಗಟ್ಟಲೆ ನಿಂತಿತ್ತು. ‘ಮಂಗಕ್ಕೆ ಹೊಡ್ದೆ ಸ್ವಾಮಿ’ ಅಂತ ಅವರು ಹೇಳಿದ್ದು ನಿಜವೇ ಇರಬೇಕು. ಆದರೆ ಯಾವತ್ತು ಅಂತ ಕೇಳಿದರೆ ಅವರ ಬಳಿ ಉತ್ತರ ಇರಲಿಲ್ಲ.

ನಮ್ಮ ಪುಸ್ತಕ 200 ಪುಟದ ಸಾದಾ ಉದ್ದ ನೋಟ್‌ಬುಕ್ಕು. ತಾರೀಖು, ಬಂದದ್ದು, ಖರ್ಚು, ಯಾತಕ್ಕೆ, ಉಳಿದದ್ದು, ಸಹಿ ಅಂತ ಗೀಟು ಹಾಕಿದೆ. ಬಂದದ್ದರ ಕೆಳಗೆ ಎಲ್‌ಜಿ, ಬಿಬಿ, 4ನೇ ನಂಬರು ಅಂತ ಚರೆಯ ಗಾತ್ರವನ್ನೂ ಬಿಲ್ಲಿನಲ್ಲಿ ಇದ್ದ ಹಾಗೇ ಬರೀತೇವೆ. ಅಪ್ಪಯ್ಯ ಬರೆಯೋದು ತಂತಿ ಸಂದೇಶದ ಥರ: ‘ಬೆಳಿಗ್ಗೆ 2, ಮಂಗ, ಕೆಳಗಿನ ತೋಟ.’ ಸಾಕು. ತಿಂಗಳಿಗೊಮ್ಮೆ ಅಮ್ಮ ಆ ಪುಟದ ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸ್ತಾಳೆ, ನಾನು ಶೀಟಿಗೆ ಹಾಕ್ತೀನಿ. ಬಿಲ್ಲುಗಳದ್ದೂ ಫೋಟೋ ಬೇಕೇ ಬೇಕು. ಅಂಗಡಿಯ ಬಿಲ್ಲಿನ ಅಕ್ಷರ ಎರಡು ಮಳೆಗಾಲ ದಾಟಲ್ಲ. ಪಹಣಿ, ಹಳೆಯ ನವೀಕರಣದ ಪುಟ, ಯುಐಎನ್ ನಂಬರು ಎಲ್ಲ ಅದೇ ಫೋಲ್ಡರಿನಲ್ಲಿದೆ.

ಕೆಟ್ಟ ತೋಟಾಕ್ಕೆ ಬೇರೆ ಸಾಲು. ಮಲೆನಾಡಿನ ತೇವಕ್ಕೆ ತೋಟಾ ಉಬ್ಬಿ ನಳಿಗೆಗೆ ಕೂರಲ್ಲ, ಕೂತರೂ ಕೆಲವೊಮ್ಮೆ ಠುಸ್ ಅನ್ನುತ್ತೆ. ಅದನ್ನು ಬಾವಿಗೋ ಗೊಬ್ಬರದ ಗುಂಡಿಗೋ ಎಸೆಯುವವರು ಇದ್ದಾರೆ. ಎಸೆದರೆ ಅಪಾಯ ಒಂದು ಕಡೆ, ಲೆಕ್ಕದಲ್ಲಿ ತೂತು ಇನ್ನೊಂದು ಕಡೆ. ನಾವು ಬೇರೆ ಡಬ್ಬಿಯಲ್ಲಿಟ್ಟು ಪರಿಶೀಲನೆಯ ದಿನ ಠಾಣೆಯಲ್ಲಿ ತೋರಿಸಿ, ಅವರು ಹೇಳಿದ ಹಾಗೆ ಮಾಡ್ತೇವೆ.

ಚುನಾವಣೆ ಬಂದಾಗ ಕೋವಿ ಠಾಣೆಗೆ ಹೋಗುತ್ತೆ. 2023ರ ವಿಧಾನಸಭೆಗೂ 2024ರ ಲೋಕಸಭೆಗೂ ಹೋಗಿತ್ತು. ಕಾರಣ ತೋರಿಸಿ ಜಿಲ್ಲೆಯ ಸ್ಕ್ರೀನಿಂಗ್ ಸಮಿತಿಗೆ ವಿನಾಯಿತಿ ಕೇಳಲು ಅವಕಾಶ ಇದೆ. ಕೊಟ್ಟ ರಸೀದಿ, ವಾಪಸ್ ಪಡೆದ ತಾರೀಖು ಎರಡನ್ನೂ ಪುಸ್ತಕಕ್ಕೇ ಅಂಟಿಸಿ. ಕೋವಿ ಠಾಣೆಯಲ್ಲಿದ್ದ ವಾರದಲ್ಲಿ ಮನೆಯ ಪುಸ್ತಕದಲ್ಲಿ ‘2 ಈಡು, ಮಂಗ’ ಅಂತ ಇದ್ದರೆ ಕತೆ ಮುಗೀತು!

ಕೊಡಗಿನ ಸಹೋದ್ಯೋಗಿಯೊಬ್ಬ ‘ನಮಗೆ ಲೈಸೆನ್ಸೇ ಬೇಡ’ ಅಂತ ರೇಗಿಸ್ತಾನೆ. ಸರಿಯೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಆದರೆ ಅವನ ಮನೆಯಲ್ಲೂ ವಿನಾಯಿತಿ ಪತ್ರ ಇದೆ, ಕೋವಿಯ ಲೆಕ್ಕ ಇದೆ. ರೈಫಲ್ ಕ್ಲಬ್ಬಿಗೆ ಹೋಗುವ ಗೆಳತಿಯ ಕತೆ ಮತ್ತೂ ಬೇರೆ. ಅವಳು ರೇಂಜಿನಲ್ಲಿ ಹಾರಿಸಿದ ಪ್ರತಿ ಗುಂಡನ್ನೂ ಸ್ಕೋರ್ ಕಾರ್ಡಿನ ಜೊತೆ ಇಡ್ತಾಳೆ. ಕ್ರೀಡೆಯವರ ಗುಂಡಿನ ಮಿತಿ ನಮಗಿಂತ ಬಹಳ ದೊಡ್ಡದು, ಅದಕ್ಕೆ ತಕ್ಕ ಪುರಾವೆಯೂ ಬೇಕು.

ಈ ಸಲದ ನವೀಕರಣಕ್ಕೆ ಐದು ವರ್ಷದ್ದು ಒಟ್ಟು ಹಾಕಿದೆ. ಆರಂಭದಲ್ಲಿ ಕೈಯಲ್ಲಿದ್ದದ್ದು 12, ಕೊಂಡದ್ದು 60. ಖರ್ಚು 2021ರಲ್ಲಿ 27, ಆಮೇಲೆ 19, 9, 3, ಕಳೆದ ವರ್ಷ 1. ಕೆಟ್ಟದ್ದು 2. ಉಳಿಯಬೇಕಾದದ್ದು 11. ಬೀರುವಿನ ಡಬ್ಬಿಯಲ್ಲಿ ಎಣಿಸಿದರೆ ಹನ್ನೊಂದೇ. ಲೆಕ್ಕ ಸರಿ ಬಂತು ಅಂತ ಖುಷಿಯಲ್ಲಿ ಅಮ್ಮನಿಗೆ ಫೋನ್ ಮಾಡಿದೆ.

‘ಸರಿ ಬರದೆ ಏನು, ಅವ್ರು ಕೋವಿ ಮುಟ್ಟಿದ್ರೆ ತಾನೆ’ ಅಂದಳು ಅಮ್ಮ.

ಮತ್ತೆ ಶೀಟು ನೋಡಿದೆ. 27, 19, 9, 3, 1. ಮಂಗ ಕಡಿಮೆ ಆಗಿಲ್ಲ. ಅಡಿಕೆ ಲೆಕ್ಕ ನೋಡಿದರೆ ಹೆಚ್ಚೇ ಆಗಿದೆ. ಅಪ್ಪಯ್ಯನಿಗೆ 74. ಬೆಳಗಿನ ಮಬ್ಬಿನಲ್ಲಿ ತೋಟದ ಆಚೆ ಬದಿಯಲ್ಲಿ ಓಡಾಡ್ತಿರೋದು ಮಂಗವೋ ಕೊನೆ ಕೊಯ್ಯೋಕೆ ಬಂದವನೋ ಅಂತ ಈಗ ಅವರಿಗೆ ಖಚಿತ ಆಗಲ್ಲವಂತೆ. ಖಚಿತ ಇಲ್ಲದಿದ್ದರೆ ಹಾರಿಸಬಾರದು ಅಂತ ನಮಗೆ ಹೇಳಿಕೊಟ್ಟವರು ಅವರೇ. ಅದಕ್ಕೇ ಹಾರಿಸ್ತಿಲ್ಲ. ಯಾರಿಗೂ ಹೇಳಿಯೂ ಇಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇದಕ್ಕೆ ದಾರಿ ಇದೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ, ಅವರು ಇರುವಾಗಲೇ ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಬಹುದು. ಉಳಿದ ವಾರಸುದಾರರ ಒಪ್ಪಿಗೆ ಬೇಕು, ಶಸ್ತ್ರ ಸುರಕ್ಷತೆಯ ತರಬೇತಿಯ ಸರ್ಟಿಫಿಕೇಟು ಬೇಕು. ಇದನ್ನು ವಿಚಾರಿಸೋಕೆ ಹೋದಲ್ಲಿ ಒಬ್ಬರು ‘ಗಂಡು ಮಕ್ಕಳಿಲ್ವೇನಮ್ಮಾ?’ ಅಂದರು. ಇದ್ದಾನೆ, ಪುಣೆಯಲ್ಲಿ. ತೋಟಕ್ಕೆ ಬರೋದು ದೀಪಾವಳಿಗೆ. ನಿಯಮದಲ್ಲಿ ಗಂಡು ಹೆಣ್ಣು ಅಂತ ಇಲ್ಲ ಅಂದೆ. ಅವರು ಫಾರಂ ಕೊಟ್ಟರು.

ನನಗೆ ಕೋವಿ ಬೇಕೋ ಬೇಡವೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ತಿಂಗಳಲ್ಲಿ ನಾಲ್ಕು ದಿನ ಊರಲ್ಲಿರುವವಳು ಮಂಗ ಓಡಿಸೋದು ಹೇಗೆ? ಬಾಕಿ ದಿನ ಬೀಗ ಹಾಕಿದ ಕೋವಿಯ ಜೊತೆ ಅವರಿಬ್ಬರೇ ಇರಬೇಕು. ಲೈಸೆನ್ಸಿರುವ ಅಂಗಡಿಗೆ ಕೊಡೋಣ ಅನ್ನೋದು ಅಮ್ಮನ ಪಕ್ಷ. ಅಪ್ಪಯ್ಯನ ಹತ್ತಿರ ನೇರವಾಗಿ ಕೇಳೋಕೆ ಇಬ್ಬರಿಗೂ ಧೈರ್ಯ ಬಂದಿರಲಿಲ್ಲ. ಕೊನೆಗೆ ನಾನೇ ಶೀಟು ಪ್ರಿಂಟ್ ಹಾಕಿಸಿ ಸಹಿಗೆ ಅಂತ ಅವರ ಮುಂದಿಟ್ಟೆ. ಕನ್ನಡಕ ಹಣೆಗೇರಿಸಿ, ಕಾಗದ ಕಣ್ಣ ಹತ್ತಿರ ತಂದು, ವರ್ಷ ವರ್ಷದ ಖರ್ಚಿನ ಮೇಲೆ ಬೆರಳಾಡಿಸಿದರು. ಸ್ವಲ್ಪ ಹೊತ್ತು ಮಾತಿಲ್ಲ.

‘ಈ ಸಲ ನನ್ನ ಹೆಸರಲ್ಲೇ ನವೀಕರಣ ಮಾಡ್ಸು. ಟ್ರೈನಿಂಗ್ ಎಲ್ಲಿ ಕೊಡ್ತಾರೆ ಅಂತಾನೂ ಕೇಳಿಟ್ಕೋ ಮಗಾ’ ಅಂದರು.

ಅವಧಿ ಮುಗಿಯೋಕೆ ಇನ್ನೂ ಮೂರು ತಿಂಗಳಿದೆ. ಅರ್ಜಿ ಈ ವಾರವೇ ಹಾಕ್ತಿದ್ದೀವಿ. ಮೆಡಿಕಲ್ ಸರ್ಟಿಫಿಕೇಟಿಗೆ ಮುಂಚೆ ಕಣ್ಣಿನ ಡಾಕ್ಟರ ಹತ್ತಿರ ಶನಿವಾರ ಹತ್ತೂವರೆಗೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ.